ಗುಳಿಗೆ ಸಿಕ್ಕಿದೆ, ಗಾಯಕ್ಕೆ ಆಸರೆ ಬೇಕಿದೆ

ಎಚ್‌ಐವಿಯೊಂದಿಗೆ ಬದುಕುವ ಹೆಣ್ಣುಮಕ್ಕಳಿಗೆ ಸಮಾನ ಅನುಭವಿಗಳ ನೆರವು: ಏನು, ಏಕೆ, ಹೇಗೆ?

ಗದಗ: ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಎರೆಸೀಮೆಯಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವ ಹೆಣ್ಣುಮಕ್ಕಳಿಗೆ ಇಪ್ಪತ್ತು ವರ್ಷಗಳ ಹಿಂದೆ ಇದ್ದ ದೊಡ್ಡ ಚಿಂತೆ ಔಷಧದ್ದಾಗಿತ್ತು. ಇಂದು ಅದು ಬಹುಮಟ್ಟಿಗೆ ನೀಗಿದೆ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಗುಳಿಗೆ ಉಚಿತವಾಗಿ ದೊರೆಯುತ್ತದೆ. ಹೆಚ್ಚಿನವರಿಗೆ ದಿನಕ್ಕೆ ಒಂದು ಗುಳಿಗೆ ಸಾಕು. ಅದನ್ನು ತಪ್ಪದೆ ಸೇವಿಸಿದರೆ ರಕ್ತದಲ್ಲಿನ ವೈರಾಣು ಪರೀಕ್ಷೆಗೂ ಸಿಗದಷ್ಟು ಕುಗ್ಗುತ್ತದೆ. ಆ ಸ್ಥಿತಿಯಲ್ಲಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಮತ್ತೊಬ್ಬರಿಗೆ ಸೋಂಕು ಹರಡುವುದಿಲ್ಲ ಎಂಬುದು ಈಗ ವೈದ್ಯವಿಜ್ಞಾನ ಒಪ್ಪಿದ ಸತ್ಯ.

ಆದರೂ ಔಷಧ ನಡುವೆಯೇ ನಿಲ್ಲುವುದುಂಟು. ಏಕೆ ನಿಲ್ಲುತ್ತದೆ ಎಂದು ಕೆದಕಿದರೆ ಬಹಳಷ್ಟು ಸಲ ಸಿಗುವ ಉತ್ತರ ದೇಹಕ್ಕೆ ಸಂಬಂಧಿಸಿದ್ದಲ್ಲ. ಗಂಡನ ಹೊಡೆತ, ಅತ್ತೆಮನೆಯಿಂದ ಹೊರದೂಡಿದ ನೆನಪು, ಬಾಲ್ಯದಲ್ಲೇ ಎದುರಿಸಿದ ಲೈಂಗಿಕ ಶೋಷಣೆ, ಕಣ್ಣೆದುರೇ ಕೂಸು ಕಳೆದುಕೊಂಡ ದುಃಖ ಮುಂತಾದ ಆಘಾತಗಳು ಆಕೆಯನ್ನು ಆಸ್ಪತ್ರೆಯ ಬಾಗಿಲಿನಿಂದ ದೂರವಿಡುತ್ತವೆ. ಈ ಗಾಯಕ್ಕೆ ಗುಳಿಗೆಯಿಲ್ಲ. ಅದೇ ದಾರಿಯಲ್ಲಿ ನಡೆದು ಬಂದ ಮತ್ತೊಬ್ಬ ಹೆಣ್ಣುಮಗಳ ಆಸರೆ ಇದಕ್ಕೆ ಒಂದು ಮದ್ದಾಗಬಲ್ಲದು ಎಂಬುದನ್ನು ಕರ್ನಾಟಕದ ಮತ್ತು ಹೊರಗಿನ ಅನುಭವಗಳು ತೋರಿಸಿಕೊಟ್ಟಿವೆ.

ಸೋಂಕು ಬಂದ ದಾರಿ

ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ಎಂದೂ ಕೇವಲ ಪಟ್ಟಣದ ಕಾಯಿಲೆಯಾಗಿರಲಿಲ್ಲ. ರೋಣ ಮತ್ತು ನರಗುಂದ ತಾಲ್ಲೂಕುಗಳಿಗೆ ಹೊಂದಿಕೊಂಡಿರುವ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಜನಸಾಮಾನ್ಯರ ನಡುವೆ ನಡೆದ ಸಮೀಕ್ಷೆಯಲ್ಲಿ ಪರೀಕ್ಷೆಗೊಳಗಾದ ವಯಸ್ಕರ ಪೈಕಿ ಶೇ 2.9ರಷ್ಟು ಮಂದಿಗೆ ಸೋಂಕು ತಗುಲಿದ್ದು ಕಂಡುಬಂದಿತ್ತು. ಅಂದರೆ ನೂರು ಜನರಲ್ಲಿ ಹೆಚ್ಚುಕಡಿಮೆ ಮೂವರು. ಅಲ್ಲಿಂದೀಚೆಗೆ ಪರಿಸ್ಥಿತಿ ಬಹಳ ಸುಧಾರಿಸಿದೆ. 2021ರ ರಾಷ್ಟ್ರೀಯ ಅಂದಾಜಿನಂತೆ ಕರ್ನಾಟಕದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ 0.46. ದೇಶದ ಸರಾಸರಿ ಶೇ 0.21 ಇದ್ದುದರಿಂದ ರಾಜ್ಯದ್ದು ಅದರ ಎರಡು ಪಟ್ಟಿಗೂ ಮಿಗಿಲು. ರಾಜ್ಯದಲ್ಲಿ ಆ ವರ್ಷ ಸುಮಾರು 2.76 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದರು.

ಈ ಭಾಗದ ಹೆಣ್ಣುಮಕ್ಕಳಿಗೆ ಸೋಂಕು ಬಂದದ್ದು ಮುಖ್ಯವಾಗಿ ಎರಡು ದಾರಿಗಳಿಂದ. ಮೊದಲನೆಯದು ಮದುವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ರೋಣ, ಗಜೇಂದ್ರಗಡ ಸೀಮೆಯ ಜನ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುವುದು ಹಳೆಯ ರೂಢಿ. ಹಾಗೆ ಹೋದ ಗಂಡಸರಲ್ಲಿ ಕೆಲವರು ಸೋಂಕಿನೊಂದಿಗೆ ಮರಳಿದರು. ಊರಿನಲ್ಲೇ ಇದ್ದ ಹೆಂಡತಿಗೆ ಅದು ದಾಟಿತು. ಬಸುರಿಯಾಗಿ ರಕ್ತಪರೀಕ್ಷೆಗೆ ಹೋದಾಗಲೋ ಗಂಡ ಹಾಸಿಗೆ ಹಿಡಿದಾಗಲೋ ಆಕೆಗೆ ವಿಷಯ ತಿಳಿಯಿತು.

ಎರಡನೆಯ ದಾರಿ ದೇವದಾಸಿ ಪದ್ಧತಿಯದು. ನರಗುಂದದ ನೆರೆಯ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವುದನ್ನು 1982ರ ಕರ್ನಾಟಕ ದೇವದಾಸಿ ಸಮರ್ಪಣ ನಿಷೇಧ ಕಾಯ್ದೆ ಅಪರಾಧವೆಂದು ಸಾರಿತು. ಆದರೆ ಅದಕ್ಕೆ ಮುಂಚೆ ಮತ್ತು ಅದರ ಕಣ್ಣುತಪ್ಪಿಸಿ ಮುತ್ತು ಕಟ್ಟಿಸಿಕೊಂಡವರ ಬದುಕು ಬದಲಾಗಲಿಲ್ಲ. 2007-08ರ ಸರ್ಕಾರಿ ಸಮೀಕ್ಷೆ 14 ಜಿಲ್ಲೆಗಳಲ್ಲಿ 46,660 ದೇವದಾಸಿ ಮಹಿಳೆಯರನ್ನು ಗುರುತಿಸಿತು. ಇವರಲ್ಲಿ ಹಲವರು ಹರೆಯ ತುಂಬುವ ಮೊದಲೇ ಲೈಂಗಿಕ ದುಡಿಮೆಗೆ ಬಿದ್ದವರು. ಕರ್ನಾಟಕದಿಂದ ಹೋದ ಅನೇಕ ಹೆಣ್ಣುಮಕ್ಕಳು ದುಡಿಯುತ್ತಿದ್ದ ಗೋವಾದ ಬೈನಾ ಕಡಲತೀರದ ಬಸ್ತಿಯನ್ನು 2004ರ ಜೂನ್‌ನಲ್ಲಿ ನೆಲಸಮ ಮಾಡಿದಾಗ, ಅಲ್ಲಿದ್ದವರು ಮಳೆಗಾಲದ ಮುಖದಲ್ಲಿ ಸೂರು ಕಳೆದುಕೊಂಡು ಚದುರಿದರು. ಚದುರಿದವರ ಜೊತೆಗೆ ಅವರ ಚಿಕಿತ್ಸೆಯ ಎಳೆಯೂ ಕಡಿಯಿತು.

ಆಘಾತ ಒಂದಲ್ಲ, ಒಂದರ ಮೇಲೊಂದು

ಮನಸ್ಸಿನ ತಾಳಿಕೆಗೆ ಮೀರಿದ ಭಯ, ಹಿಂಸೆ ಅಥವಾ ಅಗಲಿಕೆಯನ್ನು ಅನುಭವಿಸಿದ ಮೇಲೂ ಅದರ ಪರಿಣಾಮ ದೇಹ ಮತ್ತು ಮನಸ್ಸಿನಲ್ಲಿ ಉಳಿದುಕೊಳ್ಳುವುದನ್ನು ಆಘಾತ ಎನ್ನುತ್ತಾರೆ. ಭೂಕಂಪ ಅಥವಾ ಅಪಘಾತದಂತೆ ಒಮ್ಮೆ ಸಂಭವಿಸಿ ಮುಗಿಯುವ ಆಘಾತ ಒಂದು ಬಗೆ. ಎಚ್‌ಐವಿಯೊಂದಿಗೆ ಬದುಕುವ ಹೆಣ್ಣುಮಕ್ಕಳಲ್ಲಿ ಕಾಣುವುದು ಬಹುತೇಕ ಇನ್ನೊಂದು ಬಗೆ. ಅಲ್ಲಿ ಒಂದು ಪೆಟ್ಟು ಮಾಯುವ ಮೊದಲೇ ಮತ್ತೊಂದು ಬೀಳುತ್ತದೆ. ಗಂಡನಿಂದ ಬಂದ ಸೋಂಕಿಗೆ ಹೆಂಡತಿಯೇ ಕಾರಣಳೆಂಬ ಆರೋಪ, ಗಂಡನ ಸಾವು, ಬೇರೆ ತಟ್ಟೆ ಬೇರೆ ಲೋಟ, ಆಸ್ತಿಯ ಪಾಲು ಕೇಳಿದರೆ ಬೈಗುಳ, ಕೊನೆಗೆ ತವರಿನಲ್ಲೂ ಅರೆಮನಸ್ಸಿನ ಸ್ವಾಗತ.

ಇದು ಊಹೆಯ ಮಾತಲ್ಲ. ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೋಂಕಿತ ವಿಧವೆಯರಲ್ಲಿ ಶೇ 90ರಷ್ಟು ಮಂದಿ ಗಂಡನ ಮನೆಯಲ್ಲಿ ಉಳಿದಿರಲಿಲ್ಲ. ಶೇ 79ರಷ್ಟು ಮಂದಿಗೆ ಗಂಡನ ಆಸ್ತಿಯಲ್ಲಿ ಪಾಲು ದಕ್ಕಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಿಂದಲೇ ವಿಧವೆಯನ್ನು ಮೊದಲ ದರ್ಜೆಯ ವಾರಸುದಾರಳೆಂದು ಒಪ್ಪಿದ್ದರೂ ಇದ್ದ ಸ್ಥಿತಿ ಇದು.

ಇಂತಹ ಹಿನ್ನೆಲೆಯಿಂದ ಬಂದವರ ನಡವಳಿಕೆ ಹೊರಗಿನವರಿಗೆ ಅರ್ಥವಾಗದೆ ಹೋಗಬಹುದು. ರಾತ್ರಿ ನಿದ್ದೆ ಬಾರದು. ಬಾಗಿಲ ಸದ್ದಿಗೆ ಬೆಚ್ಚಿಬೀಳುತ್ತಾರೆ. ಬಿಳಿ ಕೋಟು ಕಂಡರೆ ಮೊದಲ ಪರೀಕ್ಷೆಯ ದಿನ ಕೇಳಿದ ಮಾತು ಕಿವಿಯಲ್ಲಿ ಮೊಳಗುತ್ತದೆ. ಆಸ್ಪತ್ರೆಯ ಸರತಿ ಸಾಲಿನಲ್ಲಿ ಊರಿನವರು ಯಾರಾದರೂ ಕಂಡಾರೆಂಬ ಭಯಕ್ಕೆ ತಿಂಗಳ ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ಗುಳಿಗೆಯ ಡಬ್ಬಿ ಕಂಡರೆ ಗಂಡ ಹೊಡೆಯುತ್ತಾನೆಂದು ಅದನ್ನು ಕಣಜದ ಸಂದಿಯಲ್ಲೋ ಹಿತ್ತಲಲ್ಲೋ ಬಚ್ಚಿಡುವವರಿದ್ದಾರೆ. ಅಲ್ಲಿಗೆ ಹೋಗಲು ಸಮಯ ಸಿಗದ ದಿನ ಗುಳಿಗೆ ತಪ್ಪುತ್ತದೆ. ಆಸ್ಪತ್ರೆಯ ಕಡತದಲ್ಲಿ ಇದೆಲ್ಲ ‘ಔಷಧ ಸೇವನೆಯಲ್ಲಿ ನಿರ್ಲಕ್ಷ್ಯ’ ಎಂದು ದಾಖಲಾಗುವ ಸಂಭವವೇ ಹೆಚ್ಚು.

ಆಘಾತಕ್ಕೂ ಔಷಧಕ್ಕೂ ಇರುವ ನಂಟನ್ನು ಅಳೆದು ತೋರಿಸಿದವರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮ್ಯಾಕ್ಟಿಂಗರ್ ಮತ್ತು ಅವರ ತಂಡ ಪ್ರಮುಖರು. 2012ರಲ್ಲಿ ಅವರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆ ದೇಶದ ಎಚ್‌ಐವಿ ಸೋಂಕಿತ ಮಹಿಳೆಯರಲ್ಲಿ ಶೇ 30ರಷ್ಟು ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು. ಶೇ 55ರಷ್ಟು ಮಂದಿ ಸಂಗಾತಿಯಿಂದ ಹಿಂಸೆ ಅನುಭವಿಸಿದ್ದರು. ಅದೇ ವರ್ಷದ ಮತ್ತೊಂದು ಅಧ್ಯಯನದಲ್ಲಿ, ಇತ್ತೀಚೆಗೆ ಆಘಾತಕ್ಕೊಳಗಾದವರಲ್ಲಿ ಚಿಕಿತ್ಸೆ ವಿಫಲವಾಗುವ ಸಾಧ್ಯತೆ ಉಳಿದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಗಾಯವನ್ನು ಬದಿಗಿಟ್ಟು ಗುಳಿಗೆಯನ್ನು ಮಾತ್ರ ಕೊಟ್ಟರೆ ಗುಳಿಗೆಯೂ ಕೆಲಸ ಮಾಡದೆಂಬುದೇ ಇದರ ಸಾರ.

ಆಪ್ತ ಸಮಾಲೋಚಕರು ಸಾಲದೆ?

ಎಚ್‌ಐವಿ ಪರೀಕ್ಷೆ ನಡೆಯುವ ಐಸಿಟಿಸಿ ಮತ್ತು ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರಗಳಲ್ಲಿ ಆಪ್ತ ಸಮಾಲೋಚಕರಿದ್ದಾರೆ. ಪರೀಕ್ಷೆಯ ಫಲಿತಾಂಶ ತಿಳಿಸುವುದು, ಗುಳಿಗೆಯ ಕ್ರಮ ಹೇಳಿಕೊಡುವುದು, ಮಕ್ಕಳ ಮತ್ತು ಸಂಗಾತಿಯ ಪರೀಕ್ಷೆಗೆ ಒಪ್ಪಿಸುವುದು ಅವರ ಕೆಲಸ. ಹೊರಗೆ ಸಾಲುಗಟ್ಟಿ ನಿಂತ ಜನರಿರುವಾಗ, ಒಬ್ಬಾಕೆ ಇಪ್ಪತ್ತು ವರ್ಷ ಯಾರಿಗೂ ಹೇಳದ ಸಂಗತಿಯನ್ನು ಹೇಳಲು ಬೇಕಾದ ಬಿಡುವು ಆ ಕೋಣೆಯಲ್ಲಿ ಸಿಗುವುದು ಕಷ್ಟ.

ಮಾನಸಿಕ ಆರೋಗ್ಯ ಸೇವೆಯಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ 2014ರಲ್ಲಿ ಆರಂಭಿಸಿತು. ತೀವ್ರ ಖಿನ್ನತೆ, ಆತ್ಮಹತ್ಯೆಯ ಯೋಚನೆ, ಬಹುಕಾಲದ ನಿದ್ರಾಹೀನತೆಗಳಿಗೆ ಮನೋವೈದ್ಯರ ಚಿಕಿತ್ಸೆಯೇ ಬೇಕು. ಆದರೆ ‘ಮಂಗಳವಾರದ ವೈದ್ಯರ’ ಬಳಿ ಹೋಗಲು ಮೊದಲು ಧೈರ್ಯ ಬೇಕು, ಜೊತೆಗೊಬ್ಬರು ಬೇಕು. ತನಗಾದದ್ದು ತನ್ನ ತಪ್ಪಿನಿಂದಲ್ಲವೆಂಬ ನಂಬಿಕೆ ಬೇಕು. ಸಮಾನ ಅನುಭವಿಯ ಪಾತ್ರ ಆರಂಭವಾಗುವುದು ಇಲ್ಲಿಯೇ.

ನೊಂದವರಿಂದಲೇ ನೆರವು

ಕಾಯಿಲೆಯುಳ್ಳವರೇ ಒಂದುಗೂಡಿ ಪರಸ್ಪರ ಆಸರೆಯಾದ ಇತಿಹಾಸ ಎಚ್‌ಐವಿಯಷ್ಟೇ ಹಳೆಯದು. ಆಫ್ರಿಕಾದ ಉಗಾಂಡದಲ್ಲಿ ಗಂಡನನ್ನು ಏಡ್ಸ್‌ನಿಂದ ಕಳೆದುಕೊಂಡ ನೊಯೆರಿನ್ ಕಲೀಬಾ 1987ರಲ್ಲಿ ಕಟ್ಟಿದ ‘ಟಾಸೊ’ ಸಂಸ್ಥೆ ಅಂತಹ ಮೊದಲ ಪ್ರಯತ್ನಗಳಲ್ಲೊಂದು. ಭಾರತದಲ್ಲಿ, ಮದುವೆಯಾದ ಕೆಲವೇ ದಿನಗಳಲ್ಲಿ ಗಂಡನಿಂದ ಸೋಂಕು ತಗುಲಿಸಿಕೊಂಡ ತಮಿಳುನಾಡಿನ ಪಿ. ಕೌಸಲ್ಯಾ ಮತ್ತು ಸಂಗಡಿಗರು 1998ರಲ್ಲಿ ಚೆನ್ನೈಯಲ್ಲಿ ‘ಪಾಸಿಟಿವ್ ವಿಮೆನ್ ನೆಟ್‌ವರ್ಕ್’ ಸ್ಥಾಪಿಸಿದರು. ಬೆಂಗಳೂರಿನಲ್ಲಿ 2000ದಲ್ಲಿ ಹುಟ್ಟಿದ ‘ಮಿಲನ’ ಸೋಂಕಿತ ಹೆಣ್ಣುಮಕ್ಕಳು ಮತ್ತು ಅವರ ಕುಟುಂಬದವರ ಬಳಗವಾಗಿ ಬೆಳೆಯಿತು. ಗಜೇಂದ್ರಗಡಕ್ಕೆ ಹೊಂದಿಕೊಂಡ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ‘ಸಂರಕ್ಷಾ’ ಸಂಸ್ಥೆ ಆರೈಕೆ ಮತ್ತು ಸಮಾಲೋಚನೆಯ ಕೆಲಸ ಮಾಡಿತು.

ಸಮಾನ ಅನುಭವಿ ಮಾಡುವ ಕೆಲಸವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಗಂಡ ತೀರಿಕೊಂಡು ತವರಿಗೆ ಬಂದ, ಎರಡು ತಿಂಗಳಿಂದ ಗುಳಿಗೆ ಬಿಟ್ಟಿರುವ ಒಬ್ಬಾಕೆಯನ್ನು ಊಹಿಸಿಕೊಳ್ಳೋಣ. ಆಕೆಯನ್ನು ಹುಡುಕಿ ಹೋಗುವ ಮತ್ತೊಬ್ಬಾಕೆ ಮೊದಲ ದಿನ ಗುಳಿಗೆಯ ಮಾತೆತ್ತುವುದಿಲ್ಲ. ತಾನೂ ಗುಳಿಗೆ ನುಂಗುವವಳೆಂದು ಹೇಳಿ, ಉಂಡೆಯಾ, ನಿದ್ದೆ ಬರುತ್ತದೆಯೇ, ಮಕ್ಕಳು ಶಾಲೆಗೆ ಹೋಗುತ್ತಾರೆಯೇ ಎಂದು ಕೇಳುತ್ತಾಳೆ. ಕಡತದಲ್ಲಿ ಸಂಖ್ಯೆಯಾಗಿರುವ ಹೆಣ್ಣುಮಗಳನ್ನು ‘ತಂಗಿ’ ಎಂದು ಕರೆಯುವ ದನಿ ಅದು. ಎರಡನೆಯ, ಮೂರನೆಯ ಭೇಟಿಯ ಹೊತ್ತಿಗೆ ಗುಳಿಗೆ ಬಿಟ್ಟ ಕಾರಣ ತಾನಾಗಿಯೇ ಹೊರಬೀಳುತ್ತದೆ. ಆಗ ಇಬ್ಬರೂ ಸೇರಿ ಉಪಾಯ ಹುಡುಕುತ್ತಾರೆ. ಗುಳಿಗೆಯನ್ನು ಯಾವ ಡಬ್ಬಿಯಲ್ಲಿಟ್ಟರೆ ಯಾರ ಕಣ್ಣಿಗೂ ಬೀಳದು, ಹೊಲಕ್ಕೆ ಹೋಗುವ ದಿನ ಯಾವ ಹೊತ್ತಿಗೆ ನುಂಗಬಹುದು, ಗದುಗಿಗೆ ಯಾವ ಬಸ್ಸಿಗೆ ಹೋದರೆ ಸಂಜೆಯೊಳಗೆ ಮರಳಬಹುದು ಎಂಬಂತಹ ಸಣ್ಣ ಸಂಗತಿಗಳಿಂದಲೇ ಚಿಕಿತ್ಸೆ ಮತ್ತೆ ಹಳಿಗೆ ಬರುತ್ತದೆ.

ಎಂಟು ಹತ್ತು ಜನ ತಿಂಗಳಿಗೊಮ್ಮೆ ಸೇರುವ ಗುಂಪು ಇದರ ಮುಂದಿನ ಹೆಜ್ಜೆ. ಆಘಾತವನ್ನು ಬಲ್ಲ ಗುಂಪಿಗೆ ಕೆಲವು ನಿಯಮಗಳಿರುತ್ತವೆ. ಇಲ್ಲಿ ಕೇಳಿದ್ದು ಇಲ್ಲಿಯೇ ಉಳಿಯಬೇಕು. ಯಾರನ್ನೂ ತಮ್ಮ ಕಥೆ ಹೇಳುವಂತೆ ಒತ್ತಾಯಿಸಬಾರದು. ಮೌನವಾಗಿ ಕುಳಿತು ಹೋಗುವ ಹಕ್ಕೂ ಇದೆ. ಹೊಡೆತದ ವಿವರವನ್ನು ಕೆದಕಿ ಕೇಳುವುದರಿಂದ ಗಾಯ ಮಾಯುವುದಿಲ್ಲ, ಮತ್ತೆ ಹಸಿಯಾಗುತ್ತದೆ. ಬುದ್ಧಿವಾದ ಕಡಿಮೆ, ಆಲಿಸುವುದು ಹೆಚ್ಚು. ಗಂಡನನ್ನು ಬಿಡಬೇಕೋ ಬೇಡವೋ, ಸೋಂಕಿನ ವಿಷಯ ಮಗಳಿಗೆ ತಿಳಿಸಬೇಕೋ ಬೇಡವೋ ಎಂಬ ನಿರ್ಧಾರ ಆಕೆಯದೇ. ಬದುಕಿನಲ್ಲಿ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿದ ಹೆಣ್ಣಿಗೆ, ಇಲ್ಲಿ ತನ್ನ ಮಾತು ನಡೆಯುತ್ತದೆಂಬುದೇ ಚೇತರಿಕೆಯ ಮೊದಲ ಮೆಟ್ಟಿಲು.

ಪುರಾವೆ ಏನು ಹೇಳುತ್ತದೆ?

ಈ ನೆರವು ಬರೀ ಭಾವನೆಯ ಮಾತಲ್ಲ ಎಂಬುದಕ್ಕೆ ಅಳತೆಯ ಆಧಾರಗಳಿವೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ‘ಗೆಳೆತನದ ಬೆಂಚು’ ಎಂಬ ಯೋಜನೆ ಆರಂಭಿಸಿದರು. ರಾಜಧಾನಿ ಹರಾರೆಯ ಆರೋಗ್ಯ ಕೇಂದ್ರಗಳ ಅಂಗಳದಲ್ಲಿ ಒಂದು ಮರದ ಬೆಂಚು; ಅದರ ಮೇಲೆ ತರಬೇತಿ ಪಡೆದ ಒಬ್ಬ ಅಜ್ಜಿ; ಕಷ್ಟ ಹೇಳಿಕೊಳ್ಳಲು ಬಂದವರೊಂದಿಗೆ ಆಕೆ ಕುಳಿತು ಒಂದೊಂದೇ ಸಮಸ್ಯೆ ಬಿಡಿಸುತ್ತಾಳೆ. 573 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೆಚ್ಚಿನವರು ಹೆಂಗಸರು, ಹತ್ತರಲ್ಲಿ ನಾಲ್ವರು ಎಚ್‌ಐವಿ ಸೋಂಕಿತರು. ಆರು ತಿಂಗಳ ಬಳಿಕ, ಬೆಂಚಿನ ನೆರವು ಪಡೆದವರಲ್ಲಿ ಖಿನ್ನತೆಯ ಲಕ್ಷಣ ಉಳಿದಿದ್ದದ್ದು ಸುಮಾರು ಶೇ 14 ಮಂದಿಯಲ್ಲಿ. ಎಂದಿನ ಸೇವೆ ಪಡೆದವರಲ್ಲಿ ಅದು ಶೇ 50ರಷ್ಟಿತ್ತು.

ನೆರೆಯ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯಲ್ಲಿ, ಏಡ್ಸ್‌ನೊಂದಿಗೆ ಬದುಕುತ್ತಿದ್ದ ಗ್ರಾಮೀಣ ಮಹಿಳೆಯರ ಮನೆಗೆ ಆಶಾ ಕಾರ್ಯಕರ್ತೆಯರು ಹೋಗಿ ಗುಳಿಗೆ, ಆಹಾರ ಮತ್ತು ಮನಸ್ಸಿನ ಬಗ್ಗೆ ನೆರವಾಗುವ ಪ್ರಯೋಗ ನಡೆಯಿತು. ಅಲ್ಲಿ ಔಷಧ ಸೇವನೆ ಸುಧಾರಿಸಿತು, ಖಿನ್ನತೆ ತಗ್ಗಿತು. ಹರಾರೆಯ ಅಜ್ಜಿಯರಾಗಲಿ ನೆಲ್ಲೂರಿನ ಆಶಾ ಕಾರ್ಯಕರ್ತೆಯರಾಗಲಿ ವೈದ್ಯರಲ್ಲ. ಅದೇ ಸಮುದಾಯದ ಹೆಂಗಸರು.

ಆದರೆ ಗೆಳೆತನದಿಂದ ಎಲ್ಲವೂ ಆಗದು ಎಂಬ ಪಾಠವೂ ಇದೆ, ಅದು ಕರ್ನಾಟಕದ್ದೇ. ಬಾಗಲಕೋಟೆ ಜಿಲ್ಲೆಯ ಮುಧೋಳ ಮತ್ತು ಜಮಖಂಡಿ ತಾಲ್ಲೂಕುಗಳ 47 ಗ್ರಾಮಗಳಲ್ಲಿ ಲೈಂಗಿಕ ಕಾರ್ಯಕರ್ತೆಯರು ತಮ್ಮ ಆಪ್ತ ಸಂಗಾತಿಗಳಿಂದ ಎದುರಿಸುವ ಹಿಂಸೆಯನ್ನು ತಡೆಯಲು ‘ಸಂವೇದನಾ ಪ್ಲಸ್’ ಎಂಬ ಯೋಜನೆಯನ್ನು ಕರ್ನಾಟಕ ಆರೋಗ್ಯ ಸಂವರ್ಧನ ಪ್ರತಿಷ್ಠಾನ 2010ರ ದಶಕದ ಮಧ್ಯಭಾಗದಲ್ಲಿ ಕೈಗೊಂಡಿತು. ಈ ಮಹಿಳೆಯರದೇ ಸಂಘವಾದ ‘ಚೈತನ್ಯ’ ಅದರ ಬೆನ್ನೆಲುಬಾಗಿತ್ತು. ಕೊನೆಯ ಅಳತೆಯಲ್ಲಿ, ಹಿಂಸೆಯನ್ನು ಸಹಜವೆಂದು ಒಪ್ಪಿಕೊಳ್ಳುವ ಮನೋಭಾವ ತಗ್ಗಿತ್ತು. ಆತ್ಮರಕ್ಷಣೆಯ ಉಪಾಯಗಳ ತಿಳಿವಳಿಕೆ ಮತ್ತು ಮಹಿಳೆಯರ ನಡುವಿನ ಒಗ್ಗಟ್ಟು ಹೆಚ್ಚಿತ್ತು. ಆದರೆ ಹೊಡೆತದ ಪ್ರಮಾಣ ಯೋಜನೆಯ ಫಲವಾಗಿ ಇಳಿಯಿತೆನ್ನಲು ಪುರಾವೆ ಸಿಗಲಿಲ್ಲ.

ನೊಂದವರು ಒಂದಾದರೆ ನೋವು ತಾಳುವ ಬಲ ಬರುತ್ತದೆ. ಹೊಡೆಯುವ ಕೈ ತಾನಾಗಿ ನಿಲ್ಲುವುದಿಲ್ಲ. ಅದನ್ನು ತಡೆಯಲು ಪೊಲೀಸು, ನ್ಯಾಯಾಲಯ, ಗಂಡಸರ ಮನಃಪರಿವರ್ತನೆ, ಹೆಣ್ಣಿನ ಹೆಸರಿನಲ್ಲಿ ಒಂದಿಷ್ಟು ಆಸ್ತಿ ಎಲ್ಲವೂ ಬೇಕು. ಸಮಾನ ಅನುಭವಿಗಳ ಗುಂಪನ್ನು ಇವುಗಳಿಗೆ ಬದಲಿಯೆಂದು ಭಾವಿಸಿದರೆ, ಸಮಾಜ ಮತ್ತು ಸರ್ಕಾರ ಹೊರಬೇಕಾದ ಹೊರೆಯನ್ನು ನೊಂದವರ ಹೆಗಲಿಗೇ ಏರಿಸಿದಂತಾಗುತ್ತದೆ.

ಸಣ್ಣ ಊರಿನ ಗುಟ್ಟು

ಬೆಂಗಳೂರಿನಲ್ಲಿ ಸಲೀಸಾಗಿ ನಡೆಯುವ ಗುಂಪು ರೋಣದಂತಹ ಊರಿನಲ್ಲಿ ಅದೇ ರೀತಿಯಲ್ಲಿ ನಡೆಯದು. ಇಲ್ಲಿ ಒಂದು ಓಣಿಯ ಮಗಳು ಮತ್ತೊಂದು ಓಣಿಯ ಸೊಸೆ. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಗಜೇಂದ್ರಗಡದ ಮಗ್ಗದ ಮನೆಗಳಲ್ಲಿ ಎಲ್ಲರಿಗೂ ಎಲ್ಲರ ಗುರುತು. ಹೆಸರಾಂತ ಏಡ್ಸ್ ಸಂಸ್ಥೆಯ ಫಲಕವಿರುವ ಕಟ್ಟಡದ ಮೆಟ್ಟಿಲು ಹತ್ತಿದರೆ ಸಾಕು, ಗುಟ್ಟು ರಟ್ಟಾಗುತ್ತದೆ. ಮನೆಗೆ ಭೇಟಿ ನೀಡುವ ಕಾರ್ಯಕರ್ತೆಯ ಗುರುತು ಊರಿಗೆ ತಿಳಿದಿದ್ದರೆ, ಆಕೆ ಯಾವ ಮನೆಯ ಬಾಗಿಲು ತಟ್ಟುತ್ತಾಳೋ ಆ ಮನೆಯ ಮೇಲೆ ಸಂಶಯ ಬೀಳುತ್ತದೆ.

ಆದ್ದರಿಂದ ಇಂತಹ ಊರುಗಳಲ್ಲಿ ದಾರಿಗಳು ಬೇರೆಯಾಗಬೇಕು. ಹೊಲಿಗೆ ಅಥವಾ ಸ್ವಸಹಾಯ ಗುಂಪಿನಂತಹ ಬೇರೆ ಹೆಸರಿನ ಸಭೆ, ತಾಲ್ಲೂಕು ಬಿಟ್ಟು ಎಆರ್‌ಟಿ ಕೇಂದ್ರಕ್ಕೆ ಬಂದ ದಿನವೇ ಗದುಗಿನಲ್ಲಿ ಸೇರುವುದು, ದೂರವಾಣಿಯಲ್ಲಿ ಮಾತುಕತೆ, ನೆರೆಯ ತಾಲ್ಲೂಕಿನ ಕಾರ್ಯಕರ್ತೆಯನ್ನು ನೇಮಿಸುವುದು ಇವು ಕೆಲವು ಉಪಾಯಗಳು. ಮೊಬೈಲ್ ಫೋನ್ ಮನೆಯಲ್ಲಿ ಒಂದೇ ಇದ್ದು ಅದು ಗಂಡನ ಕೈಯಲ್ಲಿದ್ದರೆ ಯಾವ ಹೊತ್ತಿಗೆ ಕರೆ ಮಾಡಬೇಕು, ಬೇರೆಯವರು ಕರೆ ಎತ್ತಿದರೆ ಏನು ಹೇಳಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ದೂರದ ಪ್ರಶ್ನೆಯೂ ಇದೆ. ಮೂರೂ ತಾಲ್ಲೂಕು ಕೇಂದ್ರಗಳಿಂದ ಗದುಗಿಗೆ ಸುಮಾರು 40ರಿಂದ 55 ಕಿ.ಮೀ. ರಾಜ್ಯ ಸರ್ಕಾರ 2023ರ ಜೂನ್ 11ರಂದು ಆರಂಭಿಸಿದ ‘ಶಕ್ತಿ’ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ವೆಚ್ಚ ಉಳಿದಿದೆ. ಆದರೆ ಆ ದಿನದ ಕೂಲಿ ಕೈತಪ್ಪುವುದು, ಏಕೆ ಹೋಗುತ್ತಿದ್ದೀ ಎಂಬ ಮನೆಯವರ ಪ್ರಶ್ನೆ ಎರಡೂ ಉಳಿದಿವೆ. ಜೊತೆಗೆ ಬರುವ ಗೆಳತಿಯೊಬ್ಬಳಿದ್ದರೆ ಎರಡನೆಯ ಪ್ರಶ್ನೆಗಾದರೂ ಉತ್ತರ ಸಿಗುತ್ತದೆ.

ಆಸರೆಯಾದವರಿಗೆ ಯಾರು ಆಸರೆ?

ಈ ವಿಷಯದಲ್ಲಿ ಅತಿ ಕಡಿಮೆ ಚರ್ಚೆಯಾಗುವುದು ಆಸರೆ ನೀಡುವವಳ ಸ್ಥಿತಿ. ಆಕೆಯೂ ಸೋಂಕಿತೆ, ಆಕೆಗೂ ಅದೇ ಗಾಯ. ದಿನವೂ ಇತರರ ನೋವು ಕೇಳುತ್ತಾ ಹೋದರೆ ಮಾಯುತ್ತಿದ್ದ ತನ್ನ ಗಾಯವೇ ತೆರೆದುಕೊಳ್ಳಬಹುದು. ತಾನು ತಿಂಗಳುಗಟ್ಟಲೆ ಬೆನ್ನಿಗೆ ನಿಂತವಳು ತೀರಿಕೊಂಡಾಗ ಆ ಸಾವಿನ ಭಾರವನ್ನೂ ಆಕೆ ಹೊರಬೇಕು. ಹೀಗಾಗಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅನುಭವಿ ಸಮಾಲೋಚಕರೊಂದಿಗೆ ಆಕೆ ಮನಸ್ಸು ಹಗುರ ಮಾಡಿಕೊಳ್ಳುವ ವ್ಯವಸ್ಥೆ ಇರಲೇಬೇಕು. ಆತ್ಮಹತ್ಯೆಯ ಮಾತು, ಮಕ್ಕಳ ಮೇಲಿನ ದೌರ್ಜನ್ಯ, ಜೀವಕ್ಕೆ ಅಪಾಯವಿರುವ ಹೊಡೆತದಂತಹ ಸಂಗತಿ ಎದುರಾದಾಗ ಯಾರಿಗೆ ತಿಳಿಸಬೇಕೆಂಬುದು ಆಕೆಗೆ ಮೊದಲೇ ಗೊತ್ತಿರಬೇಕು. ಎಲ್ಲವನ್ನೂ ತಾನೇ ಬಗೆಹರಿಸಬೇಕಿಲ್ಲವೆಂಬ ಮಿತಿಯನ್ನು ಕಲಿಸುವುದೂ ತರಬೇತಿಯ ಭಾಗ.

ಇನ್ನೊಂದು ಸಂಬಳದ ಮಾತು. ಈ ಕೆಲಸವನ್ನು ಬಹುಮಟ್ಟಿಗೆ ಗೌರವಧನದ ಮೇಲೆ, ಯೋಜನೆಯ ಅವಧಿಗೆ ಸೀಮಿತವಾಗಿ ಮಾಡಿಸಿಕೊಳ್ಳಲಾಗಿದೆ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಅವಾಹನ್’ ಯೋಜನೆ ಬಂದಾಗ ಉತ್ತರ ಕರ್ನಾಟಕದಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಸಮಾನ ಅನುಭವಿಗಳ ದೊಡ್ಡ ಪಡೆಯೇ ಸಿದ್ಧವಾಯಿತು. ಮುಂದೆ ಹೊಣೆ ಹಂತಹಂತವಾಗಿ ಸರ್ಕಾರಕ್ಕೆ ಹಸ್ತಾಂತರವಾಯಿತು. ಸಮುದಾಯ ಆರೈಕೆ ಕೇಂದ್ರಗಳು ಮುಚ್ಚಿ, 2013ರಲ್ಲಿ ‘ವಿಹಾನ್’ ಹೆಸರಿನ ಆರೈಕೆ ಮತ್ತು ಬೆಂಬಲ ಕೇಂದ್ರಗಳು ಆರಂಭವಾದವು. ಅವುಗಳಲ್ಲಿ ಸೋಂಕಿತರೇ ಸಮಾಲೋಚಕರಾಗಿ, ಚಿಕಿತ್ಸೆ ಬಿಟ್ಟವರನ್ನು ಹುಡುಕಿ ಕರೆತರುವವರಾಗಿ ದುಡಿದರು. ಒಂದು ಯೋಜನೆ ಮುಗಿದು ಮತ್ತೊಂದು ಬರುವ ನಡುವೆ ಆಸ್ಪತ್ರೆಯ ಕಡತ ಹೊಸ ಕೈಗೆ ದಾಟುತ್ತದೆ. ಕಟ್ಟಿಕೊಂಡ ನಂಬಿಕೆ ಹಾಗೆ ದಾಟುವುದಿಲ್ಲ. ಒಬ್ಬ ‘ಅಕ್ಕ’ ಬರುವುದನ್ನು ನಿಲ್ಲಿಸಿದರೆ, ಅದನ್ನು ಮತ್ತೊಂದು ಕೈಬಿಡುವಿಕೆಯೆಂದೇ ಆಘಾತಗೊಂಡ ಹೆಣ್ಣುಮಗಳು ತಿಳಿಯುತ್ತಾಳೆ.

ಕಾನೂನಿನ ಕೈ

ಸಮಾನ ಅನುಭವಿ ತಿಳಿದಿರಬೇಕಾದ ಮತ್ತು ಇತರರಿಗೆ ತಿಳಿಸಬೇಕಾದ ಕಾನೂನುಗಳಲ್ಲಿ ಮೊದಲನೆಯದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ. ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯವನ್ನು ಬಹಿರಂಗಪಡಿಸುವುದನ್ನು ಇದು ನಿಷೇಧಿಸುತ್ತದೆ. ಕುಟುಂಬ ಒಟ್ಟಿಗೆ ವಾಸಿಸುವ ಮನೆಯಿಂದ ಸೋಂಕಿತರನ್ನು ಹೊರಹಾಕುವಂತಿಲ್ಲ. ನಿರ್ದಿಷ್ಟ ಸಂದರ್ಭಗಳಲ್ಲಿ ವೈದ್ಯರು ಸಂಗಾತಿಗೆ ವಿಷಯ ತಿಳಿಸಲು ಅವಕಾಶವಿದ್ದರೂ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ಹಾಗೆ ತಿಳಿಸುವುದರಿಂದ ಹಿಂಸೆ ಅಥವಾ ಕೈಬಿಡುವಿಕೆಯ ಭಯವಿದ್ದರೆ ತಿಳಿಸಕೂಡದೆಂದು ಕಾಯ್ದೆಯೇ ಹೇಳುತ್ತದೆ. ದೂರುಗಳನ್ನು ಆಲಿಸಲು ರಾಜ್ಯ ಮಟ್ಟದಲ್ಲಿ ಓಂಬುಡ್ಸ್‌ಮನ್ ಇರಬೇಕು. ದೂರು ಬಂದ 30 ದಿನಗಳೊಳಗೆ ಆದೇಶ ನೀಡಬೇಕು.

ಎರಡನೆಯದು 2006ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಸಿಡಿಪಿಒಗಳೇ ಇದರಡಿ ಸಂರಕ್ಷಣಾಧಿಕಾರಿಗಳು. ಹಾಗಾಗಿ ದೂರು ಕೊಡಲು ಪೊಲೀಸ್ ಠಾಣೆಯ ಮೆಟ್ಟಿಲೇ ಹತ್ತಬೇಕೆಂದಿಲ್ಲ. ವಿಧವೆಗೂ ಗಂಡನ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕಿದೆಯೆಂಬುದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಎಚ್‌ಐವಿ ಕುರಿತ ಮಾಹಿತಿಗೆ 1097, ಮಹಿಳಾ ಸಹಾಯವಾಣಿಗೆ 181, ಮಾನಸಿಕ ಆರೋಗ್ಯದ ‘ಟೆಲಿ ಮಾನಸ್’ಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಮುಂದೇನು?

ಆಗಬೇಕಾದ ಕೆಲಸ ದೊಡ್ಡ ವೆಚ್ಚದ್ದಲ್ಲ. ಚಿಕಿತ್ಸೆ ಬಿಟ್ಟ ಹೆಣ್ಣುಮಗಳನ್ನು ಪಟ್ಟಿಯಲ್ಲಿ ‘ತಪ್ಪಿಸಿಕೊಂಡವರು’ ಎಂದು ಬರೆಯುವ ಮೊದಲು ‘ಮನೆಯಲ್ಲಿ ಕ್ಷೇಮವೇ’ ಎಂಬ ಒಂದು ಪ್ರಶ್ನೆಯನ್ನು ಖಾಸಗಿಯಾಗಿ ಕೇಳುವ ರೂಢಿ ಬರಬೇಕು. ಪ್ರತಿ ತಾಲ್ಲೂಕಿಗೂ ತರಬೇತಿ ಪಡೆದ ಇಬ್ಬರು ಮೂವರು ಸಮಾನ ಅನುಭವಿಗಳು, ಅವರಿಗೆ ನಿಗದಿತ ವೇತನ, ಬೆನ್ನಿಗೆ ಒಬ್ಬ ಹಿರಿಯ ಸಮಾಲೋಚಕರು, ಮಂಗಳವಾರದ ಮನೋವೈದ್ಯರು ಮತ್ತು ಸಿಡಿಪಿಒ ಕಚೇರಿಯೊಂದಿಗೆ ನೇರ ಸಂಪರ್ಕ ಇದ್ದರೆ ಈಗಿರುವ ಸೇವೆಗಳೇ ಹೆಚ್ಚು ಫಲ ಕೊಡುತ್ತವೆ. ದೇವದಾಸಿ ಪುನರ್ವಸತಿ, ವಿಧವಾ ವೇತನ, ಪಡಿತರ ಚೀಟಿಯಂತಹ ಸೌಲಭ್ಯಗಳ ಅರ್ಜಿ ತುಂಬಿಸುವ ಕೆಲಸವನ್ನೂ ಇವರೇ ಮಾಡಬಲ್ಲರು. ಹೊಟ್ಟೆಯ ಚಿಂತೆ ಕಳೆಯದೆ ಮನಸ್ಸಿನ ಚಿಂತೆ ಕಳೆಯದು.

1980ರಲ್ಲಿ ನೀರಿನ ಕರದ ವಿರುದ್ಧ ಒಂದಾಗಿ ನಿಂತ ರೈತರಿಂದ ನರಗುಂದದ ಹೆಸರು ನಾಡಿಗೆಲ್ಲ ತಿಳಿಯಿತು. ಎಚ್‌ಐವಿಯೊಂದಿಗೆ ಬದುಕುವ ಹೆಣ್ಣುಮಕ್ಕಳಿಗೆ ಹಾಗೆ ಬೀದಿಗಿಳಿಯುವ ಅನುಕೂಲವಿಲ್ಲ. ಗುಟ್ಟೇ ಅವರ ರಕ್ಷಣೆ. ಬೀದಿಯಲ್ಲಿ ಕಾಣದ ಈ ಒಗ್ಗಟ್ಟಿಗೂ ಸರ್ಕಾರದ ಆಯವ್ಯಯದಲ್ಲಿ ಒಂದು ಸಾಲು, ಆಸ್ಪತ್ರೆಯಲ್ಲಿ ಒಂದು ಕೋಣೆ ಸಿಗಬೇಕಾದದ್ದು ನ್ಯಾಯ.